ಮಲೆನಾಡಿನ ಜಗಲಿಗೆ ಆಳೆತ್ತರದ ಸ್ಪೀಕರು

ತಗ್ಗುಸ್ವರದ ವೂಫರು, ತಾರಸ್ವರದ ಟ್ವೀಟರು ಮತ್ತು ಇವೆರಡಕ್ಕೂ ಸ್ವರ ಹಂಚಿಕೊಡುವ ಕ್ರಾಸ್‌ಓವರ್ ಎಂಬ ವಿದ್ಯುನ್ಮಂಡಲವನ್ನು ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡು ನೆಲದ ಮೇಲೆ ನಿಲ್ಲುವ ದುಬಾರಿ ಸ್ಪೀಕರು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗೆ ಬರುವುದಿದ್ದರೆ ಅದು ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷದಲ್ಲೇ ಬರಬೇಕು. ಅದರ ಸಂವೇದನೆ, ಎಂದರೆ ಒಂದು ವಾಟ್ ವಿದ್ಯುತ್ತಿಗೆ ಒಂದು ಮೀಟರ್ ದೂರದಲ್ಲಿ ಹುಟ್ಟುವ ಸದ್ದಿನ ಪ್ರಮಾಣ, 87ರ ಬದಲು 90 ಡೆಸಿಬಲ್ ಇದ್ದರೆ ಅರ್ಧ ವಿದ್ಯುತ್ತಿನಲ್ಲೇ ಅಷ್ಟೇ ಗಟ್ಟಿಯಾಗಿ ಹಾಡುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್ ಆಗಿದ್ದರೂ, ತಂತಿಯ ಮೇಲೆ ಮರ ಬಿದ್ದ ಸಂಜೆ ಹಿನ್ನೀರಿನ ದಡದವರಿಗೆ ಆ ಒಂದು ವಾಟೂ ದುರ್ಲಭವಾಗುವುದರಿಂದ, ಇನ್ವರ್ಟರಿನ ಮೇಲೆ ಬದುಕಬಲ್ಲ ಸ್ಪೀಕರೇ ಮೇಲು.

ನಿಜವಾದ ತಕರಾರು ಕೋಣೆಯದು. 40 ಹರ್ಟ್ಸ್‌ನ ತಗ್ಗುಸ್ವರದ ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ಕೋಣೆಗೆ ಹಿಡಿಸದ ಆ ಅಲೆ ಗೋಡೆಗಳಿಂದ ಮರಳಿ ತನ್ನೊಂದಿಗೇ ಕೂಡಿಕೊಳ್ಳುವುದರಿಂದ, ಮೂಲೆಗೆ ಒತ್ತಿ ನಿಲ್ಲಿಸಿದ ಸ್ಪೀಕರಿನಲ್ಲಿ ಮೃದಂಗದ ಎಡಭಾಗ ಉಬ್ಬಿ ಗಾಯಕರನ್ನೇ ಮುಚ್ಚಿಬಿಡುತ್ತದೆ, ಹಲಗೆಯ ಉಪ್ಪರಿಗೆಯಲ್ಲಿಟ್ಟರಂತೂ ನೆಲವೇ ಪಕ್ಕವಾದ್ಯಕ್ಕೆ ಕೂರುತ್ತದೆ. ವೂಫರಿನ ಕಾಗದದ ಕೋನಿಗೆ ಮಳೆಗಾಲದಲ್ಲಿ ಹಿಡಿಯುವ ಬೂಷ್ಟಿನ ಮಾತು ಬೇರೆ. ಸೂಕ್ಷ್ಮ ಸ್ವರಗಳಿಗಾಗಿ ಲಕ್ಷಗಟ್ಟಲೆ ತೆತ್ತವರು, ಆಷಾಢದ ಮಳೆ ಹಂಚಿನ ಮೇಲೆ ತನಿ ಆವರ್ತನ ಬಾರಿಸುವಷ್ಟು ಕಾಲವೂ ಅವನ್ನು ಕೇಳಲಾರರು. ಆದ್ದರಿಂದ ಕೊಳ್ಳುವವರು ಅಂಗಡಿಯ ಕೋಣೆಯನ್ನು ನಂಬದೆ, ತಮ್ಮ ಜಗಲಿಯಲ್ಲೇ ಒಮ್ಮೆ ಹಾಡಿಸಿ ನೋಡಿ ಹಣ ಕೊಡುವುದು ಲೇಸು.