ಸಹಜವಾಗಿರಿ, ಅಲ್ಲಾಡಬೇಡಿ

ಹಾಲು ಉಕ್ಕುತ್ತಿದೆ. ಒಲೆಯಿಂದ ಎರಡೇ ಅಡಿ ದೂರದಲ್ಲಿ ನಮ್ಮ ಭಾವ ಮಂಡಿಯೂರಿ ಕೂತಿದ್ದಾರೆ. ಎಡಗಣ್ಣು ಮುಚ್ಚಿದೆ, ಬಲಗಣ್ಣು ಕ್ಯಾಮೆರಾಕ್ಕೆ ಅಂಟಿದೆ, ಉಸಿರು ಬಿಗಿಹಿಡಿದಿದ್ದಾರೆ. ಹಾಲು ಪಾತ್ರೆಯ ಕಂಠ ದಾಟಿತು, ಬರ್ನರಿನ ಮೇಲೆ ಸುರಿಯಿತು, ಕಟ್ಟೆಯಿಂದ ನೆಲಕ್ಕಿಳಿಯಿತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅಕ್ಕ ಸೀದ ವಾಸನೆಗೆ ಓಡಿಬಂದು ಗ್ಯಾಸ್ ಆರಿಸಿದಳು.

“ಪಕ್ಕದಲ್ಲೇ ಇದ್ದೀರಲ್ರೀ, ಆರಿಸೋಕೆ ಏನಾಗಿತ್ತು?”

“ಆರಿಸಿದ್ರೆ ಆ ಕ್ಷಣ ಸಿಕ್ತಿತ್ತೇನೇ?” ಎಂದರು ಭಾವ, ಬಹಳ ಶಾಂತವಾಗಿ.

ಆ ಕ್ಷಣದ ಹುಚ್ಚು ಹತ್ತಿಸಿದವರು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸಾನ್. 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರೇ ‘ದಿ ಡಿಸೈಸಿವ್ ಮೊಮೆಂಟ್’. ರೈಲು ನಿಲ್ದಾಣದ ಹಿಂದೆ ನಿಂತ ನೀರನ್ನು ಹಾರುತ್ತಿರುವವನ ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ಅಷ್ಟರಲ್ಲಿ ಕ್ಲಿಕ್ ಮಾಡಿದ ಮಹಾನುಭಾವ. ಭಾವ ಆ ಚಿತ್ರವನ್ನು ಅಕ್ಕನಿಗೂ ತೋರಿಸಿದರು. ಅಕ್ಕ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, “ಪಾಪ, ಆ ಪ್ಯಾಂಟು ಒಗೆದೋರು ಯಾರೋ” ಎಂದಳು.

ಇದೆಲ್ಲ ಶುರುವಾದದ್ದು ಭಾವ ಬ್ಯಾಂಕಿನಿಂದ ನಿವೃತ್ತರಾಗಿ ಬಿ.ಪಿ. ಏರಿಸಿಕೊಂಡು ಕೂತಾಗ. “ಮನಸ್ಸಿಗೆ ನೆಮ್ಮದಿ ಕೊಡೋದು ಏನಾದರೂ ಹಚ್ಚಿಕೊಳ್ಳಿ, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ನಡೀರಿ” ಎಂದಿದ್ದರು ಡಾಕ್ಟರು. ಭಾವ ಎರಡನ್ನೂ ಕೂಡಿಸಿ ಕ್ಯಾಮೆರಾ ಕೊಂಡರು. ಅಲ್ಲಿಗೆ ನಡಿಗೆ ಮುಗಿಯಿತು. ಗೇಟು ದಾಟಿದ ಕೂಡಲೇ ಹೆಜ್ಜಾರ್ಲೆ ಕಾಣುತ್ತದೆ, ಭಾವ ನಿಲ್ಲುತ್ತಾರೆ. ಹೆಜ್ಜಾರ್ಲೆ ಹಾರಿಹೋಗುತ್ತದೆ, ಭಾವ ನಿಂತೇ ಇರುತ್ತಾರೆ. ಒಂದೂವರೆ ಗಂಟೆ ವಾಯುವಿಹಾರ ಮುಗಿಸಿ ಬಂದ ಮನುಷ್ಯ ಹೋದ ಜಾಗದಿಂದ ನೂರು ಗಜ ಕದಲಿರುತ್ತಿರಲಿಲ್ಲ. ಆಮೇಲೆ ಹಕ್ಕಿಗಳ ಸಹವಾಸ ಸಾಕಾಯಿತು. ಹಕ್ಕಿ ಹೇಳಿದ ಮಾತು ಕೇಳುವುದಿಲ್ಲ, ಅದರ ಲೆನ್ಸಿಗೆ ಲಕ್ಷಗಟ್ಟಲೆ ಬೇಕು. ಮನೆಯವರಾದರೆ ಚಿಕ್ಕ ಲೆನ್ಸಿಗೂ ಸಿಗುತ್ತಾರೆ. ‘ದಿನನಿತ್ಯದ ಬದುಕಿನಲ್ಲಿ ನೆಮ್ಮದಿ’ ಎಂಬ ಸರಣಿ ಹೀಗೆ ನಮ್ಮ ಅಕ್ಕನ ಅಡುಗೆಮನೆಗೆ ನುಗ್ಗಿತು.

ಇಂಥ ಭಾವ ನಿಮ್ಮಲ್ಲೂ ಇದ್ದಾರು, ದೊಡ್ಡಪ್ಪನಾಗಿಯೋ ಸೋದರಮಾವನಾಗಿಯೋ. ಮೈಮೇಲೆ ಬರೀ ಜೇಬುಗಳೇ ಇರುವ ಜರ್ಕಿನ್ನು. ನೀವು ಮಗನ ಕೆಲಸ ಹೋದ ಸಂಗತಿ ಹೇಳಿಕೊಳ್ಳುತ್ತಿದ್ದರೆ ಅವರು ನಿಮ್ಮ ಕಿವಿಯ ಅಂಚಿಗೆ ಬಿದ್ದ ಬೆಳಕು ನೋಡುತ್ತಿರುತ್ತಾರೆ. ಬಾಯಲ್ಲಿ ಯಾವಾಗಲೂ ಒಂದೇ ಆಜ್ಞೆ: “ಸಹಜವಾಗಿರಿ. ಅಲ್ಲಾಡಬೇಡಿ.”

ಅಕ್ಕನ ಅಡುಗೆಮನೆಗೆ ಪೂರ್ವದ ಕಿಟಕಿ. ಬೆಳಿಗ್ಗೆ ಏಳರ ಸುಮಾರಿಗೆ ಒಂದು ಹದಿನೈದು ನಿಮಿಷ ಬಿಸಿಲು ಓರೆಯಾಗಿ ಒಲೆಯ ಮೇಲೆ ಬೀಳುತ್ತದೆ. ಹಬೆಗೆ ಹಿಂದಿನಿಂದ ಬೆಳಕು ಬೀಳಬೇಕು, ಹಿನ್ನೆಲೆ ಕಪ್ಪಗಿರಬೇಕು; ಆಗಲೇ ಅದು ಫೋಟೋದಲ್ಲಿ ಕಾಣುವುದು. ಇದು ನಿಜವೇ. ಆದ್ದರಿಂದ ಭಾವ ಕರೀ ಕಂಬಳಿಯೊಂದನ್ನು ಬಟ್ಟೆ ಕ್ಲಿಪ್ಪು ಹಾಕಿ ಮಸಾಲೆ ಡಬ್ಬಿಗಳ ಮುಂದೆ ಇಳಿಬಿಟ್ಟರು. ಅಕ್ಕ ಲೋಟದಿಂದ ಬಟ್ಟಲಿಗೆ ಕಾಫಿ ಎತ್ತಿ ಹೊಯ್ಯಬೇಕು, ಮುಖದಲ್ಲಿ ಬೆಳಗಿನ ನೆಮ್ಮದಿ ಇರಬೇಕು. ಹೊಯ್ದಳು. “ಇನ್ನೊಂದು ಸಲ, ನೊರೆ ಸಾಲದು.” ಹೊಯ್ದಳು. “ಸೆರಗು ಆ ಕಡೆ.” ಅಷ್ಟರಲ್ಲಿ ಕಾಫಿ ಆರಿತು, ಹಬೆ ನಿಂತಿತು, ಮತ್ತೆ ಕಾಯಿಸಬೇಕು. ಮೊಮ್ಮಗನ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿದೆ, ಅವನ ಡಬ್ಬಿಗೆ ಒಗ್ಗರಣೆ ಹಾಕೋಣವೆಂದರೆ ಸಾಸಿವೆ ಕಂಬಳಿಯ ಹಿಂದಿದೆ. ಆ ಹೊತ್ತಿನಲ್ಲಿ ಸಿಕ್ಕ ಅಕ್ಕನ ಮುಖ ‘ನೆಮ್ಮದಿ - 143’ ಎಂಬ ಶೀರ್ಷಿಕೆ ಹೊತ್ತು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಶಿವಮೊಗ್ಗದ ಚಿಕ್ಕಮ್ಮ ಗಾಬರಿಯಿಂದ ಫೋನ್ ಮಾಡಿದರು: “ಅವಳಿಗೆ ಹುಷಾರಿಲ್ವಾ?”

ಮಳೆಗಾಲದ ಕಥೆಯೇ ಬೇರೆ. ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದಂತೆ. ಹೊಸ ಚಪ್ಪಲಿ, ಹೊಸ ಬ್ಯಾಗು, ಯಾವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬಂದರೂ ಭಾವನ ವಶ. ನೀಲಿ ಹರಳು ತೇವ ಹೀರಿ ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ನೀಲಿ ಮಾಡಬಹುದು. ಎಲ್ಲಿ ಬಿಸಿ ಮಾಡಬೇಕು? ದೋಸೆ ತವಾ ಇದೆಯಲ್ಲ. ಏಕಾದಶಿಯ ದಿನ ಸಬ್ಬಕ್ಕಿ ಡಬ್ಬದ ಪಕ್ಕದಲ್ಲಿ ಅದೇ ಗಾತ್ರದ ಇನ್ನೊಂದು ಡಬ್ಬ ಕಂಡ ಅಕ್ಕ, ಕಾಳು ನೀಲಿಯಾಗಿತ್ತೋ ಬಚಾವು, ಅಂದಿನಿಂದ ಅಡುಗೆಮನೆಗೆ ಒಂದು ಕಾನೂನು ಮಾಡಿದ್ದಾಳೆ: ಭಾವ ಒಳಗೆ ಬರಬಹುದು, ಕ್ಯಾಮೆರಾ ಬರಬಹುದು, ಡಬ್ಬ ಬರಕೂಡದು.

ಭಾವ ಆಗಾಗ ಟಿ.ಎಸ್. ಸತ್ಯನ್ ಹೆಸರು ಹೇಳುತ್ತಾರೆ. ಹೇಳಲೇಬೇಕಾದ ಹೆಸರು. ಮೈಸೂರಿನವರು, ನಮ್ಮ ದೇಶದ ಜನಸಾಮಾನ್ಯರನ್ನು ಕಪ್ಪು ಬಿಳುಪಿನಲ್ಲಿ ಹಿಡಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು. ಸತ್ಯನ್ ಚಿತ್ರಗಳಲ್ಲಿ ಮಕ್ಕಳು ತಮ್ಮ ಪಾಡಿಗೆ ತಾವಿರುತ್ತಾರೆ. ಭಾವನ ಚಿತ್ರಗಳಲ್ಲಿ ಮೊಮ್ಮಗ ತನ್ನ ಪಾಡಿಗೆ ತಾನಿರುವಂತೆ ನಟಿಸುತ್ತಾನೆ, ಚಾಕೊಲೇಟಿನ ಕರಾರಿನ ಮೇಲೆ. ಈಗೀಗ ಮುಂಗಡ ಕೇಳುತ್ತಿದ್ದಾನೆ.

ಭಾವನ ತಾಯಿಯದು ಇನ್ನೊಂದು ಪಂಥ. ಕ್ಯಾಮೆರಾ ಕಂಡರೆ ಅಜ್ಜಿ ಮಂಡಿಯ ಮೇಲೆ ಎರಡೂ ಕೈ ಇಟ್ಟು ಕೋಲಿನಂತೆ ನೆಟ್ಟಗಾಗುತ್ತಾರೆ. ಅವರ ಕಾಲದ ಅಗ್ಫಾ ಕ್ಲಿಕ್ಕಿನ ರೀಲಿಗೆ ಹನ್ನೆರಡೇ ಫೋಟೋ; ಒಬ್ಬರು ಕಣ್ಣು ಮುಚ್ಚಿದರೆ ಇಡೀ ಮನೆತನಕ್ಕೆ ನಷ್ಟ. ಅಜ್ಜಿಗೆ ಇರುವುದು ಒಂದೇ ಆಸೆ: “ನನ್ನ ಹಾರದ ಫೋಟೋ ಒಂದು ನೆಟ್ಟಗೆ ತೆಗೆದುಕೊಡೋ.” ಮಗ ತೆಗೆದ. ಪಕ್ಕದಿಂದ ಬೆಳಕು, ಮುಖದ ಒಂದೊಂದು ಸುಕ್ಕೂ ಎಣಿಸುವಂತೆ, ಅರ್ಧ ಮುಖ ಕತ್ತಲೆಯಲ್ಲಿ. ಅಜ್ಜಿ ಮೊಬೈಲನ್ನು ದೂರ ಹಿಡಿದು ನೋಡಿ, “ಇದನ್ನ ಇಟ್ಟರೆ ವೈಕುಂಠ ಸಮಾರಾಧನೆಗೆ ಬಂದೋರು ಎಲೆ ಬಿಟ್ಟು ಓಡಿಹೋಗ್ತಾರೆ ಕಣೋ” ಎಂದರು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಭಾವನ ಬಗ್ಗೆ ಒಂದು ಮಾತು ಒಪ್ಪಲೇಬೇಕು. ಮೂವತ್ತು ವರ್ಷಕ್ಕೂ ಮೇಲೆ ಬೆಳಿಗ್ಗೆ ಬ್ಯಾಂಕಿಗೆ ಓಡಿದ ಮನುಷ್ಯನಿಗೆ ತನ್ನ ಮನೆಗೆ ಬಿಸಿಲು ಎಲ್ಲಿಂದ ಬರುತ್ತದೆಂಬುದು ಗೊತ್ತಿರಲಿಲ್ಲ. ಈಗ ಗೊತ್ತು. ಅಜ್ಜಿ ತುಳಸಿಗೆ ನೀರು ಹಾಕುತ್ತ ತೀರಿಹೋದ ತಂಗಿಯ ಜೊತೆ ಮಾತಾಡುತ್ತಾರೆಂಬುದೂ ಗೊತ್ತು. ಒಂದು ರಾತ್ರಿ ಕಂಪ್ಯೂಟರಿನಲ್ಲಿ ‘ಊಟ’ ಎಂಬ ಫೋಲ್ಡರ್ ನೋಡುತ್ತಿದ್ದವರು ಅಕ್ಕನನ್ನು ಕೂಗಿದರು.

“ಇವಳೇ, ಇಷ್ಟು ಫೋಟೋದಲ್ಲಿ ಒಂದರಲ್ಲೂ ನೀನು ಕೂತಿಲ್ವಲ್ಲೇ? ಎಲ್ಲದರಲ್ಲೂ ಸೌಟು ಹಿಡಿದು ನಿಂತಿದ್ದೀಯ.”

“ಅದು ಗೊತ್ತಾಗೋಕೆ ಕ್ಯಾಮೆರಾ ಬೇಕಾಯ್ತಾ?” ಎಂದು ಅಕ್ಕ ಪಾತ್ರೆ ತೊಳೆಯಲು ಹೋದಳು.

ಮರುದಿನದಿಂದ ಅಕ್ಕನನ್ನು ಕೂರಿಸಿ ಭಾವನೇ ಬಡಿಸಿದರು. ಎರಡು ದಿನ ನಡೆಯಿತು. ಮೂರನೆಯ ದಿನ ಅಕ್ಕ ಹುಳಿಯನ್ನ ಕಲಸುತ್ತಿದ್ದ ಕೈಯ ಮೇಲೆ ಬೆಳಕು ಅದ್ಭುತವಾಗಿ ಬಿದ್ದಿತು. ಸೌಟು ಕೆಳಗಿಟ್ಟು ಓಡಿದರು. ಕ್ಯಾಮೆರಾ ಬಂತು, ಮಜ್ಜಿಗೆ ಬರಲಿಲ್ಲ. ಅಕ್ಕ ಎದ್ದಳು.

ಅಂತೂ ಭಾವನ ಬಿ.ಪಿ. ಇಳಿಯಿತು. ಇಳಿದದ್ದು ಎಲ್ಲಿಗೆ ಹೋಯಿತೆಂಬುದು ಅಕ್ಕನ ರಿಪೋರ್ಟಿನಲ್ಲಿದೆ.

ಈ ನಡುವೆ ಎರಡನೆಯ ಮಗಳ ಬಾಣಂತನಕ್ಕೆಂದು ಅಕ್ಕ ಅಮೆರಿಕಕ್ಕೆ ಹೊರಡಬೇಕಾಯಿತು. ವೀಸಾಕ್ಕೆ ಫೋಟೋ ಬೇಕು. ಎರಡಿಂಚು ಚೌಕ, ಬಿಳೀ ಹಿನ್ನೆಲೆ, ಕನ್ನಡಕ ಇರಕೂಡದು, ಮುಖ ನೇರಕ್ಕಿರಬೇಕು. ಭಾವ ಹುರುಪಿನಿಂದ ಹಾರ್ಡ್ ಡಿಸ್ಕ್ ತೆರೆದರು. ಅಕ್ಕನ ಬೆನ್ನು ಇತ್ತು, ಹಿಟ್ಟು ಮೆತ್ತಿದ ಬೆರಳುಗಳಿದ್ದವು, ಹಬೆಯಲ್ಲಿ ಮರೆಯಾದ ಕೆನ್ನೆ, ಒದ್ದೆ ಸೀರೆಯ ಹಿಂದಿನ ನೆರಳು, ಕಿಟಕಿಯ ಸರಳಿನಾಚೆ ಮೂಗುತಿಯೊಂದೇ. ಹುಡುಕಿದಷ್ಟೂ ನೆಮ್ಮದಿಯೇ, ಅಕ್ಕ ಮಾತ್ರ ಸಿಗಲಿಲ್ಲ. “ಈಗಲೇ ತೆಗೀತೀನಿ ನಿಲ್ಲು, ಸಂಜೆ ಬೆಳಕು ಬರಲಿ” ಎಂದರು. ಅಕ್ಕ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದಳು. ಅಜ್ಜಿಯೂ ಜರತಾರಿ ಅಂಚಿನ ಸೀರೆಯುಟ್ಟು ಹಿಂದೆಯೇ ಹೊರಟರು.

ಬೀದಿ ಕೊನೆಯ ಸ್ಟುಡಿಯೋ ಹುಡುಗ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ, “ಗಲ್ಲ ಸ್ವಲ್ಪ ಕೆಳಗೆ ಅಮ್ಮ, ಹ್ಞಾ, ಆಯ್ತು” ಎಂದ. ಅಜ್ಜಿಯದೂ ಆಯಿತು, ಸುಕ್ಕು ತೆಗೆದು, ಹಿಂದೆ ನೀಲಿ ಆಕಾಶ ಹಾಕಿಕೊಟ್ಟ. “ಹದಿನಾರಿಂಚು ಮಾಡಿ ಗಾಜು ಹಾಕಿಸು, ಚಂದನದ ಹಾರಕ್ಕೆ ಸರಿಹೋಗ್ಲಿ” ಎಂದು ಅಜ್ಜಿ ಎಲೆಅಡಿಕೆ ಸಂಚಿ ಬಿಚ್ಚಿದರು. ಅಕ್ಕ ತನ್ನ ಫೋಟೋ ನೋಡಿಕೊಂಡು, “ಚೆನ್ನಾಗಿದೆಯಪ್ಪ. ನಾನೇ ಅಂತ ಗೊತ್ತಾಗುತ್ತೆ” ಎಂದಳು.

ಬಾಗಿಲಲ್ಲಿ ನಿಂತಿದ್ದ ಭಾವನಿಗೆ ತಡೆಯಲಾಗಲಿಲ್ಲ. “ಬೆಳಕು ತೀರಾ ಸಪಾಟಾಯ್ತಲ್ಲಯ್ಯ. ಐಎಸ್ಒ ಎಷ್ಟಿಟ್ಟಿದ್ದೆ? ಅಪರ್ಚರ್?”

“ಎಲ್ಲಾ ಆಟೋನೇ ಸಾರ್.”

“ಆಟೋ ಯಾಕೋ?” ಎಂದರು ಅಜ್ಜಿ, ಸಂಚಿ ಕಟ್ಟುತ್ತ. “ಇಲ್ಲೇ ಮನೆ. ಡಾಕ್ಟರು ನಿನಗೆ ನಡೀ ಅಂತಾನೇ ಅಲ್ವಾ ಹೇಳಿದ್ದು?”