ಸ್ವಾಗತಮೀಮಾಂಸೆ ಅಥವಾ ತುಮಕೂರು ಸೀಮೆಯ ಭಾನುವಾರದ ಬೆಂಚಿನ ಲಕ್ಷಣವು

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆ ಬೇಕೆಂದು ಲಾಕ್ಷಣಿಕರು ವಿಧಿಸಿದರು. ವರ್ಗವಾಗಿ ಬಂದ ಕ್ರೈಸ್ತನಿಗೆ ಎಂಥ ದೇವಾಲಯ ಬೇಕೆಂಬುದಕ್ಕೆ ಮಾತ್ರ ಯಾವ ಪಂಡಿತರೂ ಒಂದು ಲಕ್ಷಣವನ್ನೂ ಬರೆದಿಡಲಿಲ್ಲ. ತುಮಕೂರಿಗೆ ಬಂದ ಬ್ಯಾಂಕ್ ಗುಮಾಸ್ತ, ಗುಬ್ಬಿಗೆ ಬಂದ ಸ್ಟಾಫ್ ನರ್ಸ್, ಕುಣಿಗಲ್ಲಿಗೆ ಬಂದ ಹೈಸ್ಕೂಲ್ ಮೇಷ್ಟ್ರು ಮೊದಲ ಭಾನುವಾರ ಪಡುವ ಪಾಡು ನೋಡಲಾರದೆ ಈ ಶಾಸ್ತ್ರಕ್ಕೆ ಕೈಹಾಕಿದ್ದೇನೆ.

ಮೊದಲು ಸ್ಥಳನಿರ್ಣಯ. ತುಮಕೂರಲ್ಲಿ ಆಟೋದವರಿಗೆ ‘ಚರ್ಚ್’ ಎಂದಿರೋ, ಚರ್ಚ್ ಸರ್ಕಲ್ಲಿಗೆ ತಂದು ಇಳಿಸುತ್ತಾರೆ. ಅಲ್ಲಿ ಇಳಿಯುವ ಬಹುಪಾಲು ಜನಕ್ಕೆ ಚರ್ಚಿನಲ್ಲಿ ಕೆಲಸವಿರುವುದಿಲ್ಲ ಎಂಬುದು ಬೇರೆ ಮಾತು. ಕುಣಿಗಲ್ಲಲ್ಲಿ ದಾರಿ ಕೇಳಿದರೆ ಉತ್ತರ ಕುದುರೆ ಫಾರಂನಿಂದಲೋ ಕೆರೆ ಏರಿಯಿಂದಲೋ ಶುರುವಾಗುತ್ತದೆ.

ಇನ್ನು ವರ್ಗೀಕರಣ. ಆರಾಧನೆ ಎನ್ನುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ)ನವರು, ಬಲಿಪೂಜೆ ಎನ್ನುವ ಕ್ಯಾಥೊಲಿಕರು, ಅಂಗಡಿಯ ಮಹಡಿ ಮೇಲೆ ಕೀಬೋರ್ಡು ಇಟ್ಟುಕೊಂಡು ಮಧ್ಯಾಹ್ನದವರೆಗೂ ಬಿಡದ ಪ್ರಾರ್ಥನಾ ಸಭೆಯವರು. ಮೊದಲಿನ ಇಬ್ಬರಿಗೂ ಬಿಷಪ್ಪರು ಇರುವುದು ಬೆಂಗಳೂರಲ್ಲಿ. ಮೂರನೆಯವರಿಗೆ ಪಾಸ್ಟರೇ ಎಲ್ಲ. ಉಪಭೇದಗಳನ್ನು ಹೇಳಹೊರಟರೆ ಸಂಪಾದಕರು ಜಾಗ ಕೊಡುವುದಿಲ್ಲ.

ಈಗ ಪೂರ್ವಪಕ್ಷ: ‘ಹಳೇ ಸಭೆಗಳು ಹೊಸಬರನ್ನು ಬೇಗ ಸೇರಿಸಿಕೊಳ್ಳುವುದಿಲ್ಲ.’ ಇದಕ್ಕೆ ಇತಿಹಾಸವೇ ಉತ್ತರ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಚರ್ಚೇ ಹೊಸಬ. ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದು ನೆಲೆಸಿದಾಗ ಬಾಗಿಲಲ್ಲಿ ಕೈಕುಲುಕಿ ಒಳಗೆ ಕರೆಯಲು ಅಲ್ಲಿ ಸಭೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎರಡು ವರ್ಷದ ಮೇಲೆ, ಇನ್ನೂ ಇಪ್ಪತ್ತರ ಆಸುಪಾಸಿನ ವಿಲಿಯಂ ಆರ್ಥರ್ ಬಂದು ಸೇರಿಕೊಂಡ. ಆರೋಗ್ಯ ಕೆಟ್ಟು 1841ರಲ್ಲಿ ಊರಿಗೆ ವಾಪಸಾದವನು 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದ. ಹಾಡ್ಸನ್ನರು ಮುಂದೆ ಕನ್ನಡಕ್ಕೊಂದು ವ್ಯಾಕರಣ ಬರೆದರು. ಬಂದ ಊರಿನ ವ್ಯಾಕರಣ ಬರೆಯುವಷ್ಟು ಕಾಲ ಒಬ್ಬ ಹೊರಗಿನವನನ್ನು ಇಟ್ಟುಕೊಂಡ ಸೀಮೆಗೆ ಸ್ವಾಗತ ತಿಳಿಯದು ಎನ್ನಲಾದೀತೆ? ಗುಬ್ಬಿಯ ಸಂತೆಯಲ್ಲಿ ಮೊದಲ ದಿನ ಸಾಹೇಬರನ್ನು ‘ಯಾರ ಪೈಕಿ?’ ಎಂದು ಯಾರಾದರೂ ಕೇಳಿಯೇ ಇರುತ್ತಾರೆ ಎಂಬುದು ಈ ಶಾಸ್ತ್ರಕಾರನ ಅನುಮಾನಪ್ರಮಾಣ. ಆ ಪ್ರಶ್ನೆ ಇವತ್ತಿಗೂ ಚಾಲ್ತಿಯಲ್ಲಿದೆ. ಈಗ ಕೇಳುವವರು ಸಭೆಯವರು, ಅಷ್ಟೇ.

ಮುಂದಿನದು ಆಸನಪ್ರಕರಣ, ಶಾಸ್ತ್ರದ ಜೀವಾಳ ಇಲ್ಲಿದೆ. 1947ರ ಸೆಪ್ಟೆಂಬರ್ 27, ಶನಿವಾರ, ಮದರಾಸಿನಲ್ಲಿ ಸಿ.ಎಸ್.ಐ. ಉದ್ಘಾಟನೆಯಾಯಿತು. ಶುಕ್ರವಾರದವರೆಗೆ ಮೆಥಡಿಸ್ಟರಾಗಿದ್ದವರು ಭಾನುವಾರ ಸಿ.ಎಸ್.ಐ.ನವರಾಗಿ ಬಂದು ಕೂತರು. ಕೂತದ್ದು ಅದೇ ಬೆಂಚಿನಲ್ಲಿ. ಪಂಥ ಬದಲಾದೀತು, ಬೆಂಚು ಬದಲಾಗದು. ಖಾಲಿ ಕಂಡಿತೆಂದು ಹೊಸಬ ಕೂತರೆ, ಮೊದಲ ಕೀರ್ತನೆಯ ಎರಡನೇ ಚರಣಕ್ಕೆ ಬಿಳಿ ಸೀರೆಯ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಏಳಿ ಎನ್ನುವುದಿಲ್ಲ. ಕೀರ್ತನೆ ಪುಸ್ತಕ, ಕನ್ನಡಕದ ಡಬ್ಬಿ, ಮಡಿಸಿದ ಕಾಣಿಕೆ ಕವರು, ಒಂದೊಂದಾಗಿ ಬೆಂಚಿನ ಮೇಲೆ ಇಡುತ್ತಾರೆ. ಗಂಡಸರದು ಒಂದು ಸಾಲು, ಹೆಂಗಸರದು ಒಂದು ಸಾಲು ಇರುವ ಕಡೆ ಗಂಡಹೆಂಡತಿ ಜೊತೆಯಲ್ಲಿ ಕೂತರಂತೂ ‘ಬೆಂಗಳೂರವರು’ ಎಂದು ತೀರ್ಪಾಗಿಬಿಡುತ್ತದೆ.

ಬಾಗಿಲ ಮುಗುಳ್ನಗೆಯನ್ನು ಈ ಶಾಸ್ತ್ರ ಪ್ರಮಾಣವೆಂದು ಒಪ್ಪುವುದಿಲ್ಲ. ಅದು ಕಮಿಟಿಯವರಿಗೆ ವಹಿಸಿದ ಕೆಲಸ. ಆಶೀರ್ವಾದ ಮುಗಿದ ಮೇಲಿನ ಐದು ನಿಮಿಷವೇ ಪ್ರಮಾಣ. ‘ಯಾವ ಸಭೆಯಿಂದ ಬಂದ್ರಿ? ವರ್ಗಾವಣೆ ಪತ್ರ ತಂದಿದ್ದೀರಾ?’ ಎಂದರೆ ಮಧ್ಯಮ. ಯಾರೂ ಏನೂ ಕೇಳದೆ ಸ್ಕೂಟರ್ ಹತ್ತಿದರೆ ಅಧಮ. ‘ಕಾಫಿ ಕುಡ್ಕಂಡೋಗು ಬಾರಪ್ಪ, ಆಮೇಲೆ ಮಾತಾಡನ’ ಎಂದರೆ ಉತ್ತಮ. ಅಂಥ ಕಡೆ ಉಪದೇಶ ಎಷ್ಟೇ ಉದ್ದವಿದ್ದರೂ ಸಹಿಸಿಕೊಳ್ಳತಕ್ಕದ್ದು.

ಇಷ್ಟಾದರೂ ಸಂಶಯ ಉಳಿದವರಿಗೆ ಸುಗ್ಗಿ ಹಬ್ಬದ ಹರಾಜು. ರಾಗಿ, ಕುಂಬಳಕಾಯಿ, ಕಾಲು ಕಟ್ಟಿದ ನಾಟಿ ಹುಂಜ ಸಾಲಾಗಿರುತ್ತವೆ. ಒಬ್ಬರು ತೆಂಗಿನಕಾಯಿ ಕೂಗಿ ಕೊಂಡು ದುಡ್ಡು ಕೊಟ್ಟು, ಕಾಯಿಯನ್ನು ಮತ್ತೆ ದೇವಾಲಯಕ್ಕೇ ಒಪ್ಪಿಸುತ್ತಾರೆ. ಅದೇ ಕಾಯಿ ಮತ್ತೆ ಹರಾಜಾಗುತ್ತದೆ. ಹೊಸಬ ನೊಣ ಓಡಿಸಲು ಕೈ ಎತ್ತಿದರೂ ಕೂಗಿದಂತೆಯೇ ಲೆಕ್ಕ. ಹುಂಜ ಹಿಡಿದು ನಿಂತವನ ಹೆಸರನ್ನು ಸಭಾಪಾಲಕರು ಮೈಕಿನಲ್ಲಿ ತಪ್ಪಾಗಿ ಹೇಳುತ್ತಾರೆ, ನಾಲ್ಕು ಜನ ತಿದ್ದುತ್ತಾರೆ. ಅಲ್ಲಿಗೆ ಅವನ ಸೇರ್ಪಡೆ ಸಿದ್ಧ; ಪತ್ರ ಬರುವುದು ನಿಧಾನವಾದರೂ ಅಡ್ಡಿಯಿಲ್ಲ.

ಆದ್ದರಿಂದ, ಊರಿಗೆ ಹೊಸಬರಾದ ಓದುಗರೇ, ಬರುವ ಭಾನುವಾರ ಹತ್ತು ನಿಮಿಷ ಮುಂಚೆ ಹೋಗಿ. ಗೋಡೆ ಪಕ್ಕದ ಹಿಂದಿನ ಬೆಂಚು ಹಿಡಿಯಿರಿ. ಅಜ್ಜಿ ಬಂದರೆ ಸರಿದು ಜಾಗ ಕೊಡಿ. ಮುಗಿದ ಕೂಡಲೇ ಬಸ್ಸಿಗೆ ಓಡಬೇಡಿ. ಕಾಫಿಗೆ ಕರೆಯುವವರು ಚಪ್ಪಲಿ ಹುಡುಕಿಕೊಂಡು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.