ಹಸಿರು ಚುಕ್ಕೆ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಈ ಪ್ರಬಂಧದ ವಿಷಯ, ಮನೆಯಿಂದ ಕೆಲಸ ಮಾಡುವವನ ಹೆಸರಿನ ಪಕ್ಕ ಚಾಟಿಂಗ್ ಕಿಟಕಿಯಲ್ಲಿ ಬೆಳಗುವ ಹಸಿರು ಚುಕ್ಕೆ. ಪ್ರಯೋಜನ, ಅಪ್ರೈಸಲ್. ಸಂಬಂಧ, ಬ್ರಾಡ್‌ಬ್ಯಾಂಡ್ ಇರುವತನಕ. ಇನ್ನು ಅಧಿಕಾರಿ ಯಾರೆಂದರೆ, ಲ್ಯಾಪ್‌ಟಾಪು ಕಂಪನಿಯದು, ಕರೆಂಟು ಬಿಲ್ಲು ಮಾತ್ರ ತನ್ನದು ಎಂಬ ವಿವೇಕ ಹುಟ್ಟಿದವನು. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಪಂಚೆ ಎಂಬ ದ್ವೈತವನ್ನು ಸ್ವಾನುಭವದಿಂದ ಬಲ್ಲವರೂ ಓದಬಹುದು.

ಇತಿಹಾಸ ಚಿಕ್ಕದು. ಜನರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಜನರ ಬಳಿಗೆ ಕಳಿಸಬಹುದಲ್ಲ ಎಂದು ಯೋಚಿಸಿದ ಅಮೆರಿಕದ ಜಾಕ್ ನಿಲ್ಸ್ 1973ರಲ್ಲಿ ಅದಕ್ಕೆ ಟೆಲಿಕಮ್ಯೂಟಿಂಗ್ ಎಂದು ಹೆಸರಿಟ್ಟರು. ನಮ್ಮಲ್ಲಿ ಅದು ಊರೆಲ್ಲ ಹಬ್ಬಿದ್ದು 2020ರ ಮಾರ್ಚ್ 25ರ ಲಾಕ್‌ಡೌನಿನಿಂದ. ವೈಟ್‌ಫೀಲ್ಡಿನ ಡಿಸೈನರುಗಳು ಶಿರಸಿ, ತೀರ್ಥಹಳ್ಳಿ, ಹಾಸನದ ಜಗಲಿಗಳಲ್ಲಿ ಬಂದು ಕೂತರು. ಆಳು ಕಣ್ಣೆದುರು ಇಲ್ಲದಿದ್ದಾಗ ಇದ್ದಾನೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಎದ್ದದ್ದು ಆಗ.

ಕಚೇರಿಯಲ್ಲಿ ಪ್ರತ್ಯಕ್ಷವೇ ಪ್ರಮಾಣವಾಗಿತ್ತು. ಕುರ್ಚಿಯ ಮೇಲೆ ಬ್ಯಾಗು ಕಂಡರೆ ಸಾಕು, ಆಸಾಮಿ ಕ್ಯಾಂಟೀನಿನಲ್ಲಿದ್ದರೂ ಕೆಲಸದಲ್ಲಿದ್ದಾನೆಂದೇ ಲೆಕ್ಕ. ಶಬ್ದಪ್ರಮಾಣ ಇದೆಯಲ್ಲ ಎಂದರೆ, ಅದು ‘ಆಮ್ ಐ ಆಡಿಬಲ್?’ ಎಂಬ ಮಂಗಳಾಚರಣೆಯಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಮ್ಯಾನೇಜರಿಗೆ ಉಳಿದದ್ದು ಅನುಮಾನವೊಂದೇ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಹಸಿರು ಚುಕ್ಕೆ ಕಂಡು ಕೆಲಸವನ್ನು ಊಹಿಸುವುದು. ಹೊಗೆ ಇದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿಗೆ ತಾರ್ಕಿಕರು ಅಡುಗೆಮನೆಯ ದೃಷ್ಟಾಂತ ಕೊಡುತ್ತಿದ್ದರು. ನಮ್ಮ ಪ್ರಕರಣದಲ್ಲಿ ವ್ಯಾಪ್ತಿ ಮುರಿಯುವುದೇ ಅಡುಗೆಮನೆಯಲ್ಲಿ.

ಹೇಗೆಂದರೆ, ಕಚೇರಿಗಳು ಬಳಸುವ ಟೀಮ್ಸ್ ಎಂಬ ಆ್ಯಪಿನಲ್ಲಿ ಮೌಸು, ಕೀಬೋರ್ಡು 5 ನಿಮಿಷ ಅಲ್ಲಾಡದಿದ್ದರೆ ಹಸಿರು ಹೋಗಿ ಹಳದಿ ಬರುತ್ತದೆ. ಪೆನ್ಸಿಲ್ಲು ಹಿಡಿದು ಕಾಗದದ ಮೇಲೆ ಗಂಟೆಗಟ್ಟಲೆ ಹೊಸ ಆ್ಯಪಿನ ಪರದೆಗಳನ್ನು ಗೀಚಿದ ಡಿಸೈನರ್ ಹಳದಿ. ಟಿವಿಯಲ್ಲಿ ಕ್ರಿಕೆಟ್ ನೋಡುತ್ತ ಎಡಗೈಲಿ ಮೌಸು ಸವರುವವನು ಹಸಿರು. ತನ್ನಷ್ಟಕ್ಕೆ ಮೌಸನ್ನು ಕುಲುಕುವ ಜಿಗ್ಲರ್ ಎಂಬ ಯಂತ್ರವೂ ಅಂಗಡಿಯಲ್ಲಿ ಸಿಗುತ್ತದೆ. ಅದರ ನಿಷ್ಠೆ ಅಚಲ, ಗೌರಿಹಬ್ಬಕ್ಕೂ ರಜೆ ಕೇಳುವುದಿಲ್ಲ. ಬೆಂಕಿಯಿಲ್ಲದೆಡೆಯೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಸಾಲಿಗೆ ತಳ್ಳಿದರು. ಎಚ್.ಆರ್. ವಿಭಾಗದವರು ಎಂಗೇಜ್‌ಮೆಂಟ್ ಎಂದು ಕರೆದು ಡ್ಯಾಶ್‌ಬೋರ್ಡಿಗೆ ಏರಿಸಿದರು.

ಕುಮಾರಿಲಭಟ್ಟರ ಪಂಥದವರು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೂ ಒಪ್ಪುತ್ತಾರೆ. ಕಾಣಲಿಲ್ಲ, ಆದ್ದರಿಂದ ಇಲ್ಲ. ಹಳದಿ ಕಂಡೊಡನೆ ‘ಯೂ ದೇರ್?’ ಎಂದು ಕುಟ್ಟುವ ಮ್ಯಾನೇಜರ್ ತನಗೇ ತಿಳಿಯದಂತೆ ಭಾಟ್ಟಮೀಮಾಂಸಕ. ಅವರು ಕ್ಯಾಲಿಫೋರ್ನಿಯಾದಲ್ಲಿದ್ದರೆ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಉಳಿದವರಿಗೆ ಶಿವರಾತ್ರಿ ವರ್ಷಕ್ಕೊಂದು, ಇವರ ಕೈಕೆಳಗಿನವರಿಗೆ ವಾರಕ್ಕೆ ಐದು.

ಈಗ ಆಧುನಿಕರ ಮತ. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕೆಂದು 1954ರಲ್ಲಿ ಪಾಲ್ ಫಿಟ್ಸ್ ತೋರಿಸಿಕೊಟ್ಟರು. ಬಟನ್ನು ದೊಡ್ಡದಾಗಿರಲಿ, ಕೈಗೆ ಹತ್ತಿರವಿರಲಿ ಎಂದು ಡಿಸೈನರುಗಳು ಹಟ ಹಿಡಿಯುವುದು ಇದೇ ನಿಯಮದ ಬಲದಿಂದ. ಇದನ್ನು ಒಲೆಗೆ ಯಾರೂ ಅನ್ವಯಿಸದೆ ಬಿಟ್ಟದ್ದರಿಂದ ಆ ಭಾರ ನಮ್ಮ ಮೇಲೆ ಬಿತ್ತು. ಹಾಲು ಉಕ್ಕುವ ಗಳಿಗೆಯಲ್ಲೇ ಕಾಲ್‌ನಲ್ಲಿ ನಮ್ಮ ಹೆಸರು ಕೂಗಿದರೆನ್ನಿ. ಒಲೆಗೂ ಮೇಜಿಗೂ ನಡುವೆ ಇಡೀ ಪಡಸಾಲೆ. ಅನ್‌ಮ್ಯೂಟ್ ಬಟನ್ನು ಕಿರುಬೆರಳ ಉಗುರಿನಷ್ಟು. ಹಾಲೂ ಹೋಗುತ್ತದೆ, ‘ಯೂ ಆರ್ ಆನ್ ಮ್ಯೂಟ್’ ಎಂಬ ಅಶರೀರವಾಣಿಯೂ ಆಗುತ್ತದೆ.

ಚುಕ್ಕೆಗಿಂತ ಸೂಕ್ಷ್ಮವಾದದ್ದು ಕರ್ಸರು. 2016ರಲ್ಲಿ ಫಿಗ್ಮಾ ಎಂಬ ಡಿಸೈನ್ ತಂತ್ರಾಂಶ ಒಂದೇ ಫೈಲಿನಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡುವ ಅನುಕೂಲ ತಂದಾಗ ಒಬ್ಬೊಬ್ಬರ ಕರ್ಸರಿಗೂ ಹೆಸರು, ಬಣ್ಣ ಬಂತು. ಚೆಂದದ ಉಪಾಯ, ಇದನ್ನು ಅಣಕವಿಲ್ಲದೆಯೇ ಹೇಳುತ್ತೇವೆ. ಆದರೆ ಡಿಸೈನರ್ ಬಟನ್ನೊಂದನ್ನು ಎರಡು ಪಿಕ್ಸೆಲ್ ಎಡಕ್ಕೆ ಸರಿಸುತ್ತಿರುವಾಗ ಕ್ಲೈಂಟಿನ ಹೆಸರು ಹೊತ್ತ ಬಾಣವೊಂದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಕದಲುವುದಿಲ್ಲ, ಮಾತಿಲ್ಲ. ಅದು ಮೆಚ್ಚುಗೆಯೆಂದು ಕೆಲವರು, ಅತೃಪ್ತಿಯೆಂದು ಕೆಲವರು, ಕ್ಲೈಂಟ್ ಊಟಕ್ಕೆ ಎದ್ದುಹೋಗಿದ್ದಾರೆಂದು ಇನ್ನು ಕೆಲವರು. ನಾವು ಮೂರನೆಯ ಪಕ್ಷ. ಆದರೂ ಬಟನ್ನನ್ನು ಇದ್ದಲ್ಲಿಗೇ ಸರಿಸಿಬಿಡುವುದು ಕ್ಷೇಮ.

ಇನ್ನು ಸಿದ್ಧಾಂತ. ಬಳಕೆಗೆ ಸುಲಭವಾದ ವಿನ್ಯಾಸಕ್ಕೆಂದು ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದು, ವ್ಯವಸ್ಥೆ ಯಾವ ಸ್ಥಿತಿಯಲ್ಲಿದೆ ಎಂಬುದು ಬಳಸುವವರಿಗೆ ಸದಾ ಕಾಣುತ್ತಿರಬೇಕು ಎನ್ನುತ್ತದೆ. ಡಿಸೈನರುಗಳಾದ ನಾವು ಇದನ್ನು ಬಾಯಿಪಾಠ ಮಾಡಿ ಮೊದಲು ಅಪ್‌ಲೋಡಿಗೆ ಹಚ್ಚಿದೆವು, ಬ್ಯಾಟರಿಗೆ ಹಚ್ಚಿದೆವು, ಆಮೇಲೆ ಚಾಟಿಂಗ್ ಕಿಟಕಿಯಲ್ಲಿ ಮನುಷ್ಯರಿಗೇ ಹಚ್ಚಿದೆವು. ಅಲ್ಲಿಗೆ ನೌಕರ ವ್ಯವಸ್ಥೆಯಾದ, ಮ್ಯಾನೇಜರ್ ಬಳಕೆದಾರರಾದರು. ಚುಕ್ಕೆಯನ್ನು ಬರೆದವರು ನಾವೇ, ಈಗ ಅದರ ಕೆಳಗೆ ಕೂತವರೂ ನಾವೇ. ಅದೇ ಪಟ್ಟಿಯ ಮೂರನೆಯ ಸೂತ್ರದ ಪ್ರಕಾರ, ಎಲ್ಲೋ ಹೊಕ್ಕು ಸಿಕ್ಕಿಕೊಂಡವನಿಗೆ ಹೊರಬರುವ ಬಾಗಿಲು ಸ್ಪಷ್ಟವಾಗಿ ಕಾಣಬೇಕು. ಸಂಜೆ ಏಳಕ್ಕೆ ಲಾಗೌಟ್ ಆಗಬಯಸುವವನಿಗೆ ಆ ಸೂತ್ರವನ್ನು ಯಾರೂ ಹಚ್ಚಲಿಲ್ಲ.

ಕಾನೂನಿನ ಮೊರೆ ಹೋಗಬಹುದೇ ಎಂದು ಶಿಷ್ಯರು ಕೇಳಿಯಾರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಎಂಬ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಹೇಳದೆ ಕೇಳದೆ ಬುಟ್ಟಿಗೆ ಇನ್ನೊಂದು ಸೇರಿಸುವುದು, ಇಲ್ಲದ ಅವಸರ ಹುಟ್ಟಿಸುವುದು, ಒಲ್ಲೆನೆಂದರೂ ಮತ್ತೆ ಮತ್ತೆ ಕಾಡುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಓದಿದರೆ ಸೋಮವಾರ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನ ವರದಿಯೇನೋ ಅನ್ನಿಸುತ್ತದೆ. ಆದರೆ ಆ ನಿಯಮ ಗ್ರಾಹಕರಿಗೆ. ಸಂಬಳ ಪಡೆಯುವವನು ಗ್ರಾಹಕನಲ್ಲ.